ಸರದಾರನ ದವಡೆ

ವನದುರ್ಗ
೮ ಜುಲೈ ೨೦೨೪

ಗೆ,
ಗುರುದೇವಿ, ಕಂಪೌಂಡರ್,
ಪಶು ಆಸ್ಪತ್ರೆ, ದೋರನಹಳ್ಳಿ.

ವಿಷಯ: ಅಪ್ಪನ ಸಲಾಕೆಗಳನ್ನು ವಾಪಸ್ ಕೊಡುವ ಕುರಿತು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನಿನ್ನ ಅಣ್ಣನಾದ ಪಂಪಣ್ಣ ಎಂಬ ನಾನು ತಿಳಿಸುವುದೇನೆಂದರೆ, ಫೋನಿನಲ್ಲಿ ನಾವಿಬ್ಬರೂ ಮಾತು ಮುಗಿಯುವ ಮೊದಲೇ ಕಟ್ ಮಾಡುತ್ತೇವಾದ್ದರಿಂದ ಲಿಖಿತವಾಗಿ ಬರೆಯಬೇಕಾಗಿದೆ.

ಅಪ್ಪ ತೀರಿಕೊಂಡ ವರ್ಷ ನೀನು ಹೊಲದ ಪಾಲು ಬೇಡವೆಂದು ಸಹಿ ಮಾಡಿ, ದನಗಳಿಗೆ ಬರೆ ಹಾಕುವ ನಾಲ್ಕು ಕಬ್ಬಿಣದ ಸಲಾಕೆಗಳನ್ನು ಮಾತ್ರ ಸೀರೆಯಲ್ಲಿ ಸುತ್ತಿಕೊಂಡು ಹೋದದ್ದು ಸರಿಯಷ್ಟೆ. ಅಪ್ಪನ ನೆನಪಿಗೆ ಒಯ್ದಳೆಂದು ನಾವು ಸುಮ್ಮನಿದ್ದೆವು. ಮೂರು ವರ್ಷದಿಂದ ಕಮ್ಮಾರನ ಹತ್ತಿರ ಹೊಸದಾಗಿ ಮಾಡಿಸಿದ ಸಲಾಕೆಯಿಂದ ಕೆಲಸ ನಡೆಸಿದ್ದೇನೆ. ಮೂರು ತಲೆಮಾರಿನಿಂದ ನಮ್ಮದು ಬರೆ ಹಾಕುವ ಮನೆ. ದನ ಹೊಡೆದುಕೊಂಡು ಬಂದವರಿಗೆ ಇಲ್ಲ ಅನ್ನಬಾರದು, ಬರೆ ಹಾಕಿಸಿಕೊಂಡವರ ಮನೆಯಲ್ಲಿ ನಾವು ನೀರೂ ಕುಡಿಯಬಾರದು ಎಂಬ ನೇಮ ನಿನಗೆ ಗೊತ್ತಿದ್ದದ್ದೇ.

ಈಗ ನಮ್ಮ ಎತ್ತು ಸರದಾರನ ಕೆಳದವಡೆಯಲ್ಲಿ ಎಡಗಡೆಗೆ ಗಂಟು ಎದ್ದಿದೆ. ನಿಂಬೆಹಣ್ಣಿನಷ್ಟಿದ್ದದ್ದು ಬೇಲದ ಹಣ್ಣಿನಷ್ಟಾಗಿದೆ. ಎರಡು ಸಲ ಬರೆ ಹಾಕಿದರೂ ಇಳಿದಿಲ್ಲ. ಜನ “ಸಲಾಕಿ ಖೋಟಾ ಅದ ಪಂಪಣ್ಣ, ನಿಮ್ಮಪ್ಪನ ಸಲಾಕಿ ಇದ್ದಿದ್ರ ಒಂದ ಬರಿಗೆ ಇಳೀತಿತ್ತು” ಅನ್ನುತ್ತಿದ್ದಾರೆ. ಆದಕಾರಣ ಸದರಿ ಸಲಾಕೆಗಳನ್ನು ಈ ಪತ್ರ ಮುಟ್ಟಿದ ಎಂಟು ದಿನದೊಳಗೆ ಕಳಿಸಿಕೊಡಬೇಕಾಗಿ ತಿಳಿಸಲಾಗಿದೆ.

ಇಂತಿ,
ಪಂಪಣ್ಣ
(ಸಹಿ)


ದೋರನಹಳ್ಳಿ
೧೫ ಜುಲೈ ೨೦೨೪

ಅಣ್ಣನಿಗೆ,

ನಿನ್ನ ಅರ್ಜಿ ಮುಟ್ಟಿತು. ಒಂದು ಸೀಲು ಮಾತ್ರ ಕಡಿಮೆ ಬಿತ್ತು. ತಹಶೀಲ್ ಕಚೇರಿಗೆ ಬರೆದೂ ಬರೆದೂ ನಿನಗೆ ತಂಗಿಗೆ ಬರೆಯುವ ರೂಢಿ ತಪ್ಪಿದೆ. ಇರಲಿ, ಕಚೇರಿಯವರಂತೆ ನಾನು ಆರು ತಿಂಗಳು ಸತಾಯಿಸುವುದಿಲ್ಲ. ಉತ್ತರ ಇದೇ: ಕೊಡುವುದಿಲ್ಲ.

ನೆನಪಿಗೆಂದು ಒಯ್ದಿರಲಿಲ್ಲ, ನಿಲ್ಲಿಸಲೆಂದು ಒಯ್ದೆ. ಸಲಾಕೆ ಇಲ್ಲದಿದ್ದರೆ ಬರೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಊರಲ್ಲಿ ಕಮ್ಮಾರ ಇದ್ದಾನೆಂಬುದು ಬಿ.ಎ. ಓದಿದವಳಿಗೆ ಹೊಳೆಯಲಿಲ್ಲ.

ಈಗ ಒಂದು ಕೆಲಸ ಮಾಡು. ಸರದಾರನ ಗಂಟನ್ನು ಬೆರಳಿನಿಂದ ಅತ್ತಿತ್ತ ಸರಿಸಿ ನೋಡು. ಸರಿಯದಿದ್ದರೆ ಅದು ತೊಗಲಿನ ಗಂಟಲ್ಲ, ಎಲುಬಿನದು. ಜೋಳದ ಒಣ ಕಣಕಿಯ ಮೊನೆಯೋ ಜಾಲಿಮುಳ್ಳೋ ಒಸಡಿಗೆ ಚುಚ್ಚಿರುತ್ತದೆ. ಆ ಗಾಯದಿಂದ ಬಾಯೊಳಗಿನ ಕ್ರಿಮಿ ದವಡೆಯ ಎಲುಬಿಗೆ ಇಳಿಯುತ್ತದೆ. ಎಲುಬು ಒಳಗೆ ಜೇನುಗೂಡಿನ ಹಾಗೆ ತೂತು ಬೀಳುತ್ತ, ಹೊರಗೆ ಉಬ್ಬುತ್ತ ಹೋಗುತ್ತದೆ. ಹಲ್ಲು ಅಲುಗುತ್ತವೆ, ಮೇವು ಬಾಯಿಂದ ಉದುರುತ್ತದೆ. ನೀನು ಮೇಲೆ ಬರೆ ಹಾಕಿದಾಗ ಒಳಗಿನ ಕ್ರಿಮಿಗೆ ಏನಾಯಿತು ಅಂದುಕೊಂಡಿದ್ದೀ? ಚಳಿ ಕಾಯಿಸಿಕೊಂಡಿತು, ಅಷ್ಟೆ.

ತೊಗಲು ಸುಟ್ಟರೆ ಎಲುಬು ಮಾಯದು,
ಹೊಗೆಗೆ ಹೆದರಿ ಹುಳವು ಸಾಯದು.

ನಮ್ಮ ಡಾಕ್ಟರ್ ಕಹಕಶಾ ಮೇಡಂ ಬುಧವಾರ, ಶುಕ್ರವಾರ ಇಡೀ ದಿನ ಇರುತ್ತಾರೆ. ಸರದಾರನನ್ನು ಕರೆದುಕೊಂಡು ಬಾ. ತಡ ಮಾಡಿದಷ್ಟೂ ಎಲುಬು ಕಡಿಮೆಯಾಗುತ್ತದೆ, ಗಂಟು ಹೆಚ್ಚಾಗುತ್ತದೆ.

ವೈನಿಗೆ ಶರಣು ಹೇಳು.

ನಿನ್ನ ತಂಗಿ
ಗುರುದೇವಿ


ವನದುರ್ಗ
೨ ಆಗಸ್ಟ್ ೨೦೨೪

ವಿಷಯ: ಹಿಂದಿನದೇ.
ಉಲ್ಲೇಖ: ನಿನ್ನ ದಿನಾಂಕ ೧೫ರ ಪತ್ರ.

ನೀನು ಕಾಲೇಜಿನಲ್ಲಿ ಪ್ರಾಸ ಕಲಿತೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ನಪಾಸಾದೆ. ಆದುದರಿಂದ ಪ್ರಾಸ ಬಿಟ್ಟು ಬರೆಯತಕ್ಕದ್ದು.

ಗಂಟು ಸರಿಸಿ ನೋಡಿದೆ. ಸರಿಯಲಿಲ್ಲ. ಇದನ್ನು ನಿನಗೆ ತಿಳಿಸಲೇಬೇಕೆಂದೇನೂ ಇರಲಿಲ್ಲ.

ದೋರನಹಳ್ಳಿಗೆ ಬರಲು ಸಾಧ್ಯವಿಲ್ಲ. ಕಾರಣ: ಬರೆ ಹಾಕುವವನ ಎತ್ತೇ ಆಸ್ಪತ್ರೆಗೆ ಹೋದರೆ ನಾಳೆ ನನ್ನ ಅಂಗಳಕ್ಕೆ ಯಾರು ಬರುತ್ತಾರೆ? ಈಗಲೇ ಊರಬಾಗಿಲ ಅಗಸಿಕಟ್ಟೆಯ ಮೇಲೆ ರೇವಣಸಿದ್ದ ಹತ್ತು ಜನರ ಮುಂದೆ, “ಏನ್ ಪಂಪಣ್ಣ, ನಿನ್ನ ಎತ್ತು ಪಾನ ಹಾಕ್ಕೊಂಡದೇನು? ಒಂದ ಗಲ್ಲ ಉಬ್ಬ್ಯಾದಲ್ಲ!” ಎಂದು ನಕ್ಕಿದ್ದಾನೆ. ಈ ಊರಿನಲ್ಲಿ ನನ್ನನ್ನು “ಬರ್ರಿ, ಕೂಡ್ರಿ” ಅನ್ನುವುದು ಈ ಒಂದು ಕೆಲಸಕ್ಕೆ. ಅದೂ ಹೋದರೆ ನಾನು ಬರೀ ಪಂಪಣ್ಣ. ನಿನಗೆ ಸರಕಾರಿ ಕುರ್ಚಿ ಇದೆ, ನಿನಗೆ ಇದು ತಿಳಿಯುವುದಿಲ್ಲ.

ಕಡೆಯದಾಗಿ ಒಂದು ಮಾತು. ಸಲಾಕೆ ಕೆಲಸ ಮಾಡುವುದಿಲ್ಲವೆಂದು ನೀನು ಅವನ್ನು ಬಚ್ಚಿಟ್ಟಿಲ್ಲ. ಕೆಲಸ ಮಾಡಿಬಿಟ್ಟರೆ ನಿನ್ನ ಸೂಜಿಯ ಗತಿ ಏನು ಎಂಬ ಹೆದರಿಕೆಗೆ ಇಟ್ಟುಕೊಂಡಿದ್ದೀ.

ಇಂತಿ,
ಪಂಪಣ್ಣ


ದೋರನಹಳ್ಳಿ
೧೨ ಆಗಸ್ಟ್ ೨೦೨೪

ಅಣ್ಣ,

ಹೆದರಿಕೆ ಅಂದೆಯಲ್ಲ, ಅದೊಂದು ಮಾತು ಸಾಕು.

ಶಹಾಪುರ ಬಸ್ಸಿನ ಕಂಡಕ್ಟರ್ ಮುಜಫರನ ಕೈಯಲ್ಲಿ ನಾಲ್ಕೂ ಸಲಾಕೆ ಕಳಿಸಿದ್ದೇನೆ. ಗೋಣಿತಟ್ಟಿನಲ್ಲಿ ಸುತ್ತಿವೆ, ಎಣಿಸಿಕೋ. ಹಾಕು ಬರೆ. ಹತ್ತಲ್ಲ, ನೂರು ಜನರನ್ನು ಕರೆದು ಹಾಕು. ಗಂಟು ಇಳಿದರೆ ನಾನು ಕೆಲಸಕ್ಕೆ ರಾಜೀನಾಮೆ ಬರೆದು ನಿನ್ನ ಅಂಗಳದಲ್ಲಿ ಕೆಂಡ ಊದುತ್ತ ಕೂಡುತ್ತೇನೆ. ಇಳಿಯದಿದ್ದರೆ ಸಲಾಕೆ ಖೋಟಾ ಅನ್ನಲು ನಿನಗೆ ಬಾಯಿ ಇರುವುದಿಲ್ಲ.

ಸಲಾಕೆ ಕೇಳಿದೆ, ಸಲಾಕೆ ಕೊಟ್ಟೆ;
ನೆಪಕ್ಕಿದ್ದ ಬಾಗಿಲು ಮುಚ್ಚಿಬಿಟ್ಟೆ.

ಗುರುದೇವಿ


ವನದುರ್ಗ
೧೯ ಅಕ್ಟೋಬರ್ ೨೦೨೪

ಗುರುದೇವಿಗೆ ನಿನ್ನ ವೈನಿ ಸೂಗಮ್ಮನ ಶರಣು.

ನಾನು ಕಾಗದ ಬರೆದವಳಲ್ಲ. ಎರಡು ತಿಂಗಳಿಂದ ನಿಮ್ಮಿಬ್ಬರ ಕಾಗದವೂ ನಿಂತದ್ದಕ್ಕೆ ನಾನು ಕೂತಿದ್ದೇನೆ. ನಿಮ್ಮಣ್ಣನಿಗೆ ಹೇಳಿಲ್ಲ. ಹೇಳದೇ ಬಚ್ಚಿಡುವುದೂ ಇಲ್ಲ, ಕೇಳಿದರೆ ಹೌದು ಅನ್ನುತ್ತೇನೆ.

ಶ್ರಾವಣ ಕಳೆದ ಮೇಲೆ ಬರೆ ಹಾಕಿದರು. ಅಂಗಳದ ತುಂಬ ಮಂದಿ. ಮಾವನವರ ಸಲಾಕೆ ತಿರುಗಿ ಬಂತೆಂದು ಮೇಲಿನ ಓಣಿಯವರೂ ಬಂದಿದ್ದರು. ನಾಲ್ಕು ಗಂಡಸರು ಸೇರಿ ಸರದಾರನನ್ನು ಕೆಡವಿದರು. ಸಲಾಕೆ ಕೆಂಪಾದ ಮೇಲೂ ನಿಮ್ಮಣ್ಣ ಅದನ್ನು ಎರಡು ಸಲ ಕೆಂಡಕ್ಕೇ ತಿರುಗಿ ಇಟ್ಟರು. ಪಕ್ಕದ ಮನೆ ಮೌನಮ್ಮ ಸುಮ್ಮನಿರಬಾರದೇ? “ಯಾಕ ಪಂಪಣ್ಣ, ಕೆಂಪಾಗ್ಯಾದಲ್ಲ?” ಅಂದಳು. “ಇನ್ನೂ ಕಾಯಬೇಕು” ಅಂದರು. ಅಷ್ಟು ಕೆಂಪಾದ ಸಲಾಕೆಯನ್ನು ಮತ್ತೆ ಕಾಯಿಸುವುದನ್ನು ನಾನು ಎಲ್ಲೂ ಕಂಡಿಲ್ಲ. ಸರದಾರ ಒದರಲಿಲ್ಲ. ಒದರಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಎಂಟು ದಿನ “ಇಳದದ, ಇಳದದ” ಅಂದರು. ಒಂಬತ್ತನೆಯ ದಿನ ಒಡೆಯಿತು. ಈಗ ಎರಡು ತೂತು. ಕೀವಿನ ಜೊತೆ ಹಳದಿ ರವೆಯಂಥ ಕಾಳು ಬರುತ್ತವೆ. ಸುಟ್ಟ ಜಾಗದಲ್ಲಿ ಹುಳ ಆಗಿದ್ದವು, ನಾನೇ ತೆಗೆದೆ. ಕಣಕಿ ಬಾಯಿಗೆ ಒಯ್ಯುತ್ತದೆ, ಅರ್ಧ ಅಗಿದು ಬಿಡುತ್ತದೆ. ಪಕ್ಕೆಲುಬು ದೂರದಿಂದಲೇ ಕಾಣುತ್ತವೆ. ನಿಮ್ಮಣ್ಣ ಅಂಗಳಕ್ಕೆ ಬರುವುದೇ ಬಿಟ್ಟಿದ್ದಾರೆ, ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋಗುತ್ತಾರೆ. ಕಮ್ಮಾರನ ಸಲಾಕೆ ಮುಗಿಯಿತು, ಮಾವನದೂ ಮುಗಿಯಿತು. ಇನ್ನು ಯಾವುದನ್ನು ಖೋಟಾ ಅನ್ನುವುದು?

ಮೊನ್ನೆ ರೇವಣಸಿದ್ದ ಒಬ್ಬ ದಲಾಲನನ್ನು ಕರೆತಂದ. “ಸಾಯೂದ್ರೊಳಗ ಕೊಟ್ಟುಬಿಡ್ರಿ, ಖಸಾಯಿಖಾನಿಗಾದ್ರೂ ಆಗ್ತದ” ಅಂದ. ನಿಮ್ಮಣ್ಣ ಬಾಗಿಲಲ್ಲೇ ನಿಂತರು, ಅಂಗಳಕ್ಕೆ ಇಳಿಯಲಿಲ್ಲ. ನಾನು ಒಲೆಯ ಮೇಲಿನ ಬೋಗುಣಿ ಇಳುಕಿ ಹೊರಗೆ ಬಂದೆ. “ಆ ಎತ್ತು ಸುರಪುರದಾಗ ನನ್ನ ತವರು ಕೊಟ್ಟ ಕರು. ಕೇಳೂದಿದ್ರ ನನ್ನ ಕೇಳ್ರಿ. ಕೊಡೂದಿಲ್ಲ, ನಡೀರಿ” ಅಂದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಚಲೋ ಅನಿಸಿತು.

ಬರುವ ಬುಧವಾರ ಗೂಡ್ಸ್ ಗಾಡಿ ಹೇಳಿದ್ದೇನೆ. ನಸುಕಿನಲ್ಲೇ ಬರುತ್ತೇನೆ ಎಂದು ಗಾಡಿಯವ ಹೇಳಿದ, ಊರಿಗೆ ಗೊತ್ತಾಗುವುದಿಲ್ಲವಂತೆ. ಬಿಸಿಲು ಬಿದ್ದ ಮೇಲೆಯೇ ಬಾ, ಅಗಸಿಯ ಮುಂದೆಯೇ ನಿಲ್ಲಿಸು ಅಂದಿದ್ದೇನೆ. ನಾನು ಕಳವು ಮಾಡಿಲ್ಲ.

ನಿನ್ನ ಮೇಲೂ ಸಿಟ್ಟಿದೆ ಗುರುದೇವಿ. ಅವರಿಗೆ ತಿಳಿಯಲಿಲ್ಲ, ಸುಟ್ಟರು. ನೀನು ತಿಳಿದೂ ಕಳಿಸಿದೆ. ಬಂದಾಗ ಅದನ್ನು ಎದುರಿಗೇ ಹೇಳುತ್ತೇನೆ, ಚಹಾ ಮಾಡಿಟ್ಟಿರು.

ಸೂಗಮ್ಮ


ದೋರನಹಳ್ಳಿ
೩ ನವೆಂಬರ್ ೨೦೨೪

ಅಣ್ಣ,

ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಸರದಾರ ನಮ್ಮ ಮನೆಯ ಹಿಂದಿನ ಬೇವಿನ ಕೆಳಗೆ ಇದ್ದಾನೆ.

ಗಾಡಿಯಿಂದ ಇಳಿಸಿದ ಕೂಡಲೇ ಮೇಡಂ ದವಡೆ ಮುಟ್ಟಿ ನೋಡಿದರು.

“ಇದನ್ನ ಹಿಂಗ ಯಾರು ಸುಟ್ಟಾರ್ರಿ?”

“ನಮ್ಮಣ್ಣ, ಮೇಡಂ.”

“ನಿಮ್ಮಪ್ಪನ ಸಲಾಕಿ ನಿಮ್ಮ ಹತ್ರ ಅವ ಅಂತಿದ್ರಿ?”

“ನಾನ ಕಳಿಸಿದೆ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. “ಹಗ್ಗ ಹಿಡೀರಿ” ಅಂದರು. ಅವತ್ತಿಡೀ ನನ್ನ ಜೊತೆ ಬೇರೆ ಮಾತಾಡಲಿಲ್ಲ. ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ ತೆಗೆದರು. ಎರಡು ಹಲ್ಲು ಕೈಗೇ ಬಂದವು. ಇನ್ನು ವಾರಕ್ಕೊಮ್ಮೆ ಕುತ್ತಿಗೆಯ ರಕ್ತನಾಳಕ್ಕೆ ಅಯೋಡಿನ್ನಿನ ಔಷಧ ನಿಧಾನವಾಗಿ ಹನಿಸಬೇಕು, ಬೇರೆ ಇಂಜೆಕ್ಷನ್ನೂ ಇದೆ. ಜುಲೈಯಲ್ಲಿ ಬಂದಿದ್ದರೆ ಹೇಗಿರುತ್ತಿತ್ತು ಎಂದು ಕೇಳಿದೆ. “ಆಗ ಬಂದಿಲ್ಲಲ್ಲ” ಅಂದರು. ಬದುಕುತ್ತಾನೆಂದು ಅವರು ಮಾತು ಕೊಟ್ಟಿಲ್ಲ.

ಮೋತ್ಯಾನ ನೆನಪಿದೆಯೇ ನಿನಗೆ? ನಮ್ಮ ನಾಯಿ. ಬಂಡಿಯ ಗಾಲಿ ಹತ್ತಿ ಮುಂಗಾಲು ಮುರಿದು, ಎಲುಬಿನ ಚೂರು ತೊಗಲು ಹರಿದು ಹೊರಗೆ ಬಂದಿತ್ತು. ಅಪ್ಪ ಬರೆ ಹಾಕಿದ. ನೀನು ಮೂತಿ ಹಿಡಿದಿದ್ದೆ. ಕೆಂಡ ಊದಿದವಳು ನಾನು. ಹನ್ನೆರಡು ವರ್ಷದವಳಿಗೆ ಆ ಕೆಲಸ ಕೊಟ್ಟರೆಂದು ಎಷ್ಟು ಹೆಮ್ಮೆ ನನಗೆ! ಉಸಿರು ಕಟ್ಟುವ ತನಕ ಊದಿದೆ. ಆಮೇಲೆ ಕೀವು ಎಲುಬಿಗೆ ಇಳಿಯಿತು. ಸಾಯುವ ತನಕ, ಇಪ್ಪತ್ತು ದಿನ, ಅದು ಬಂಡಿಯ ಕೆಳಗೆ ಮಲಗಿ ಕಾಲು ನೆಕ್ಕುತ್ತಿತ್ತು. ನಾನು ಹತ್ತಿರ ಹೋದರೆ ಬಾಲ ಅಲ್ಲಾಡಿಸುತ್ತಿತ್ತು. ಅದೇ ಇವತ್ತಿಗೂ ನನಗೆ ನುಂಗಲಾಗದ್ದು.

ಅದಕ್ಕೇ ಪಶು ಆಸ್ಪತ್ರೆ ಸೇರಿದೆ ಎಂದರೆ ಸುಳ್ಳಾದೀತು, ಸಿಕ್ಕ ನೌಕರಿ ಇದೊಂದೇ. ಆದರೆ ಸಲಾಕೆ ಒಯ್ದದ್ದು ಅದಕ್ಕೇ. ಒಯ್ದು, ಮೂರು ವರ್ಷ ಕಾದು, ನೀನು ಒಂದು ಮಾತು ಅಂದದ್ದಕ್ಕೆ ಮತ್ತೆ ನಾನೇ ಊದಿದೆ. ನಿನ್ನನ್ನು ಸೋಲಿಸಬೇಕಿತ್ತು ನನಗೆ. ಸರದಾರ ನಡುವೆ ಇದ್ದಾನೆಂಬುದೇ ಮರೆತುಹೋಯಿತು.

ಸರದಾರ ಸತ್ತರೆ ಅರ್ಧ ಪಾಪ ನನ್ನ ಹೆಸರಿಗೆ ಬರೆದುಕೋ. ಆದರೆ ಸಾಯಲು ಬಿಡುವುದಿಲ್ಲ.

ಈ ಕಾಗದದಲ್ಲಿ ಪ್ರಾಸವಿಲ್ಲ.

ಗುರುದೇವಿ


ವನದುರ್ಗ
೨೪ ನವೆಂಬರ್ ೨೦೨೪

ವಿಷಯ: ಸದರಿ ಎತ್ತಿನ ಸ್ಥಿತಿಗತಿ ಕುರಿತು.

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಕೆಳಗಿನ ಅಂಶಗಳನ್ನು ನಿನ್ನ ಗಮನಕ್ಕೆ ತರಲಾಗಿದೆ.

ಸರದಾರ ಬಕೆಟ್ಟಿನಲ್ಲಿ ನೀರು ಕುಡಿಯುವುದಿಲ್ಲ, ಕಲ್ಲಿನ ದೋಣಿಯೇ ಬೇಕು. ಅದಿಲ್ಲವೆಂದು ಎರಡು ದಿನ ಉಪವಾಸ ಮಾಡುವ ಜಾತಿ. ಬಲಮಗ್ಗುಲಿಗೆ ಮಲಗುವ ರೂಢಿ ಇದೆ, ನೆಲ ಗಟ್ಟಿಯಿದ್ದರೆ ಬೂದಿ ಹರಡತಕ್ಕದ್ದು. ಕಿವಿಯ ಹಿಂದೆ ಕೆರೆದರೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬಹುದು. ಕುತ್ತಿಗೆ ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು.

ಜೋಡಿ ಎತ್ತು ಜಮಾದಾರ ಒಂಟಿಯಾಗಿ ಮೇವು ಸರಿಯಾಗಿ ಮುಟ್ಟುತ್ತಿಲ್ಲ. ಜೋಳದ ಬಿತ್ತನೆಯನ್ನು ಬೇರೆಯವರ ಟ್ರ್ಯಾಕ್ಟರಿನಿಂದ ಮಾಡಿಸಿದೆ. ಜಮಾದಾರ ಬದುವಿನ ಮೇಲೆ ನಿಂತು ನೋಡುತ್ತಿದ್ದ.

ಅಂಗಳಕ್ಕೆ ಈಗ ಯಾರೂ ಬರುತ್ತಿಲ್ಲ. ಇದು ದೂರಲ್ಲ, ಮಾಹಿತಿಗಾಗಿ.

ಮೋತ್ಯಾನ ಮೂತಿ ಹಿಡಿದದ್ದು ನೆನಪಿದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಇಂತಿ,
ಪಂಪಣ್ಣ


ದೋರನಹಳ್ಳಿ
೬ ಜನವರಿ ೨೦೨೫

ಅಣ್ಣನಿಗೆ,

ಹಳೆಯ ಕಲ್ಲಿನ ದೋಣಿಯೊಂದನ್ನು ಹುಡುಕಿ ತಂದದ್ದಾಯಿತು. ನಿನ್ನ ಸರದಾರ ಒಳಗೆ ಮೂಗು ಇಟ್ಟು, ತಪಾಸಣೆ ಮಾಡಿ, ಮಂಜೂರು ಮಾಡಿದ.

ಮೊನ್ನೆ ವೈನಿ ಬಂದಾಗ ಅವನ ಎರಡೂ ಕಣ್ಣಲ್ಲಿ ನೀರು ಹರಿಯುತ್ತಿತ್ತು. “ಅಯ್ಯ ನನ್ನಪ್ಪ, ಮನಿ ನೆನಸಿ ಅಳಾಕತ್ತದ!” ಎಂದು ವೈನಿಯೂ ಸೆರಗು ಕಣ್ಣಿಗೆ ಒತ್ತಿದರು. ಅಳುವಲ್ಲ, ಅಯೋಡಿನ್ ಮೈತುಂಬಿದರೆ ಕಣ್ಣಲ್ಲಿ ನೀರು ಬರುತ್ತದೆ, ತೊಗಲಿನಿಂದ ಹೊಟ್ಟು ಏಳುತ್ತದೆ, ಆಗ ಔಷಧ ನಿಲ್ಲಿಸಬೇಕು ಎಂದು ಹೇಳಿದೆ. ವೈನಿ ಸೆರಗಿನಿಂದಲೇ ಅವನ ಕಣ್ಣು ಒರೆಸಿ, “ಇರಲಿ, ನಿಮ್ಮಣ್ಣಗ ಮಾತ್ರ ಮನಿ ನೆನಸಿ ಅಂತನ ಹೇಳ್ತೀನಿ” ಅಂದರು. ನಿನಗೆ ಹೇಗೆ ಹೇಳಿದರೋ ಗೊತ್ತಿಲ್ಲ, ಖರೇ ಸಂಗತಿ ಇದು.

ತೂತುಗಳು ಮುಚ್ಚಿವೆ. ಬಲದವಡೆಯಿಂದ ಅಗಿಯುತ್ತಾನೆ. ನುಚ್ಚು, ನೆನೆಸಿದ ಹಿಂಡಿ, ಹಸಿ ಹುಲ್ಲು ತಿನ್ನುತ್ತಾನೆ. ಒಣ ಕಣಕಿ ಕೊಡುವುದಾದರೆ ಕತ್ತರಿಸಿ ನೀರು ಚಿಮುಕಿಸಿ ಕೊಡು. ಜಾಲಿ ಬೇಲಿಯ ಹತ್ತಿರ ಕಟ್ಟಬೇಡ.

ಇನ್ನೊಂದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಗಂಟು ಹೋಗುವುದಿಲ್ಲ. ಉಬ್ಬಿದ ಎಲುಬು ಹಿಂದಕ್ಕೆ ಹೋಗುವುದಿಲ್ಲ. ಬೆಳೆಯುವುದು ನಿಂತಿದೆ, ಅಷ್ಟೇ. ಊರಿನವರು ನೋಡಿ, ದವಾಖಾನಿಯೂ ಅಷ್ಟೇ, ಸಲಾಕಿಯೂ ಅಷ್ಟೇ ಅನ್ನುತ್ತಾರೆ. ನಿನಗೆ ಎರಡು ಪಟ್ಟು ನಗೆಪಾಟಲು.

ಗಂಟು ಉಳಿಯಿತು, ಗಂಟಲು ಉಳಿಯಿತು,
ನಗುವ ಮಂದಿಗೆ ಕೆಲಸವೂ ಉಳಿಯಿತು.

ಇದನ್ನು ಮೇಡಂಗೆ ಓದಿ ತೋರಿಸಿದೆ. “ಮೊದಲ ಸಿರಿಂಜ್ ತೊಳೀರಿ, ಆಮ್ಯಾಲ ಕವನ” ಅಂದರು. ಮಾತು ಬಿಟ್ಟಿದ್ದವರು ಬೈಯಲು ಶುರು ಮಾಡಿದ್ದಾರೆ, ನನಗೆ ಹಗುರಾಯಿತು.

ಸರದಾರನನ್ನು ಶುಕ್ರವಾರ ವೈನಿಯ ಜೊತೆ ಕಳಿಸುತ್ತೇನೆ. ನೀನು ಅಗಸಿಗೆ ಬರುತ್ತೀಯೋ, ಹಿತ್ತಲಲ್ಲಿ ಇರುತ್ತೀಯೋ, ನಿನಗೆ ಬಿಟ್ಟದ್ದು.

ಗುರುದೇವಿ


ವನದುರ್ಗ
೧೨ ಜೂನ್ ೨೦೨೫

ತಂಗಿಗೆ,

ಐದು ತಿಂಗಳಿಂದ ಬರೆಯಲಿಲ್ಲ. ಸರದಾರ ಉಳಿಯುತ್ತಾನೋ ಇಲ್ಲವೋ ನೋಡಿಕೊಂಡು ಬರೆಯೋಣವೆಂದು ಇದ್ದೆ. ಉಳಿದಿದ್ದಾನೆ. ಮೈ ತುಂಬಿದೆ. ಈ ಮುಂಗಾರಿಗೆ ಜಮಾದಾರನ ಜೊತೆ ಅರ್ಧ ಹೊತ್ತು ಕುಂಟೆ ಹೊಡೆದ.

ನಿನ್ನೆ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದೆವು. ಸೂಗಮ್ಮ ಜೂಲು ಹೊದಿಸಿದಳು. ನಾನು ಕೋಡಿಗೆ ಕೆಂಪು ಬಣ್ಣ ಬಳಿಯುತ್ತಿದ್ದೆ. ರೇವಣಸಿದ್ದ ತನ್ನ ಜೋಡಿ ಹಿಡಿದುಕೊಂಡು ಹೋಗುವವನು ನಿಂತ.

“ಪಂಪಣ್ಣ, ಹಬ್ಬದ ದಿನ ಆ ಗಂಟು ಮಂದಿಗಿ ಯಾಕ ತೋರಸ್ತಿ? ಒಂದ ದೊಡ್ಡ ಗೊಂಡೆ ಕಟ್ಟಿ ಮುಚ್ಚಪಾ” ಅಂದ. ನಗಲಿಕ್ಕೆ ಅಂದದ್ದಲ್ಲ, ಈ ಸಲ ಕಳಕಳಿಯಿಂದಲೇ ಅಂದ. ಅದು ನನಗೆ ಇನ್ನೂ ಉರಿಯಿತು.

ಬಟ್ಟಲಲ್ಲಿ ಬಣ್ಣ ಉಳಿದಿತ್ತು. ಅಂಗೈಯಿಂದ ಎತ್ತಿ ಗಂಟಿನ ಮೇಲೆ ಪೂರ್ತಿ ಬಳಿದೆ. ಸುತ್ತ ಹಳದಿ ಚುಕ್ಕೆ ಇಟ್ಟೆ. ಸರದಾರ ನೆಕ್ಕಲು ನಾಲಗೆ ಚಾಚಿದ, ಮುಟ್ಟಲಿಲ್ಲ. ಸೂಗಮ್ಮ ನೋಡಿ, “ಕೋಡು ಎರಡ ಇದ್ವು, ಈಗ ಮೂರಾದ್ವು” ಅಂದಳು. ಹಾಗೆಯೇ ಅಗಸಿ ದಾಟಿಸಿ ಊರೆಲ್ಲ ಮೆರೆಸಿದೆ. ನಕ್ಕವರು ನಕ್ಕರು. ನಾನು ಯಾರ ಮುಖವನ್ನೂ ನೋಡುವುದು ತಪ್ಪಿಸಲಿಲ್ಲ.

ಇವತ್ತಿನ ಸಂಗತಿ ಬರೆಯಲೆಂದೇ ಕೂತೆ. ಹುಣ್ಣಿಮೆಯ ಮರುದಿನ ವರ್ಷದ ಬರೆ ಹಾಕಿಸಲು ಬರುತ್ತಾರಲ್ಲ, ಈ ಸಲ ಯಾರೂ ಬರಲಾರರು ಅಂದುಕೊಂಡಿದ್ದೆ. ಬಂದರು. ಹದಿನೈದು ಇಪ್ಪತ್ತು ದನ. ಇಷ್ಟೆಲ್ಲ ಆದ ಮೇಲೂ ಬಂದರು, ತಂಗಿ! ರೂಢಿ ಅಂದರೆ ಅಷ್ಟು ಗಟ್ಟಿ. ಮತ್ತೆ “ಏನ್ರಿ ಪಂಪಣ್ಣನೋರ” ಅಂದರು. ಒಂದು ಗಳಿಗೆ ನನಗೆ ಬಹಳ ಸುಖವಾಯಿತು, ಸುಳ್ಳು ಹೇಳುವುದಿಲ್ಲ. ಮೊದಲಿಗೆ ನಿಂತವಳು ತಳವಾರ ಓಣಿಯ ಸುಂದ್ರಮ್ಮ, ಒಂದು ತಿಂಗಳ ಕರು ಹೊತ್ತು ತಂದಿದ್ದಳು. ಮುಂಗಾಲಿನ ಕೀಲು ಊದಿತ್ತು.

“ಹಾಕೂದಿಲ್ಲ” ಅಂದೆ.

“ಯಾಕ್ರಿ ಯಣ್ಣ? ಕಿಚ್ಚು ಹಚ್ಚಿಲ್ಲೇನು?”

“ಹಚ್ಚಿಲ್ಲ. ಹಚ್ಚೂದೂ ಇಲ್ಲ.”

ಹಿಂದಿನಿಂದ ರೇವಣಸಿದ್ದ, “ಹಂಗಾದ್ರ ಇನ್ನ ಪಂಪಣ್ಣಂದೇನು ಕೆಲಸ ಊರಾಗ?” ಅಂದ.

“ಎತ್ತಿನ ಗಂಟಿಗಿ ಬಣ್ಣ ಹಚ್ಚೂದು. ನಿನ್ನ ಎತ್ತಿಗಿ ಬೇಕಿದ್ರ ಕರಕೊಂಡ ಬಾ” ಅಂದೆ.

ಬೈದುಕೊಳ್ಳುತ್ತ ಹೋದರು. ಮನೆತನ ಮುಳುಗಿಸಿದ ಎಂದು ಒಬ್ಬ ಅಂದ. ನಾನು ಅಂಗಳದಿಂದ ಒಳಗೆ ಹೋಗಲಿಲ್ಲ, ಕಡೆಯ ದನ ತಿರುಗುವ ತನಕ ನಿಂತಿದ್ದೆ. ಸುಂದ್ರಮ್ಮ ಮಾತ್ರ ಹೋಗಲಿಲ್ಲ. “ಹಂಗಾದ್ರ ಎಲ್ಲಿಗಿ ಒಯ್ಯಲಿ, ನನಗ ಏನ್ ಗೊತ್ತದ” ಎಂದು ಕೂತುಬಿಟ್ಟಳು. ಕೀಲು ಮುಟ್ಟಿ ನೋಡಿದೆ, ಸುಡುತ್ತಿತ್ತು. ಹೊಕ್ಕುಳ ನೋಡಿದೆ, ಅಲ್ಲಿ ಕೀವಿದೆ. ಅಲ್ಲಿಂದಲೇ ಕೀಲಿಗೆ ಇಳಿದಿದೆಯೋ ಏನೋ, ನಿಮ್ಮ ಮೇಡಂ ಹೇಳಲಿ. ಇಷ್ಟು ವರ್ಷ ನೂರಾರು ಕರುಗಳ ಕೀಲು ಸುಟ್ಟೆ, ಒಂದರ ಹೊಕ್ಕುಳನ್ನೂ ನೋಡಿರಲಿಲ್ಲ.

ನಾಳೆ ಶುಕ್ರವಾರ. ಮೊದಲ ಬಸ್ಸಿಗೆ ಕರುವನ್ನು ಹೆಗಲ ಮೇಲೆ ಹಾಕಿಕೊಂಡು ನಾನೇ ಬರುತ್ತೇನೆ, ಸುಂದ್ರಮ್ಮನ ಕೈಯಲ್ಲಿ ಆಗುವುದಿಲ್ಲ. ಕಂಡಕ್ಟರ್ ಹತ್ತಿಸಿಕೊಳ್ಳದಿದ್ದರೆ ಮುಂದಿನ ಬಸ್ಸು, ಅದೂ ಇಲ್ಲದಿದ್ದರೆ ನಡೆದು. ಮೇಡಂ ಬೈಯುವುದಿದ್ದರೆ ನನ್ನನ್ನು ಬೈಯಲಿ.

ಈ ಕಾಗದ ನಿನಗೆ ಮುಟ್ಟುವ ಮೊದಲೇ ನಾನು ನಿನ್ನ ಎದುರಿಗೆ ನಿಂತಿರುತ್ತೇನೆ. ಆದರೂ ಬರೆದೆ. ಎದುರಿಗೆ ಬಂದರೆ ಇಷ್ಟೆಲ್ಲ ಹೇಳುವವನಲ್ಲ ನಾನು.

ನಿನ್ನ ಅಣ್ಣ
ಪಂಪಣ್ಣ